ಓದುಗರ ಪ್ರಶ್ನೆ, ನಮ್ಮ ಉತ್ತರ: ‘ಅಲ್ಟಿಮಾ’ ಕಟ್ಟಿದ ರಿಚರ್ಡ್ ಗ್ಯಾರಿಯಟ್

ಈ ತಿಂಗಳು ಬಂದ ಕಾಗದಗಳಲ್ಲಿ ಹೆಚ್ಚಿನವು ರಿಚರ್ಡ್ ಗ್ಯಾರಿಯಟ್ ಅವರ ಬಗ್ಗೆಯೇ ಇವೆ. ನಾವೇ ಒಂದು ಪಾತ್ರವಾಗಿ ಆಡುವ ಕಂಪ್ಯೂಟರ್ ಆಟಗಳಿಗೆ, ಅಂದರೆ ಆರ್‌ಪಿಜಿಗಳಿಗೆ, ಅಡಿಪಾಯ ಹಾಕಿದ ಕೆಲವೇ ಮಂದಿಯಲ್ಲಿ ಇವರೊಬ್ಬರು. 1981ರಿಂದ 1999ರವರೆಗೆ ಬಂದ ‘ಅಲ್ಟಿಮಾ’ದ ಒಂಬತ್ತು ಆಟಗಳು ಅವರ ಹೆಸರಿನೊಂದಿಗೇ ಅಂಟಿಕೊಂಡಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಗ್ಯಾರಿಯಟ್ ಪ್ರೋಗ್ರಾಮಿಂಗ್ ಎಲ್ಲಿ ಕಲಿತರು? ಕಂಪ್ಯೂಟರ್ ಸೈನ್ಸ್ ಪದವೀಧರರೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಶಿವಮೊಗ್ಗ)

ಅಲ್ಲ. ಮುಂದೆ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ ಸೇರಿದರು, ಪದವಿ ಮುಗಿಸಲಿಲ್ಲ. ಕಲಿತದ್ದೆಲ್ಲ ಹೈಸ್ಕೂಲಿನಲ್ಲೇ. ಹುಟ್ಟಿದ್ದು 1961ರ ಜುಲೈ 4ರಂದು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ಬೆಳೆದದ್ದು ಹ್ಯೂಸ್ಟನ್ ಪಕ್ಕದ ನಸಾವ್ ಬೇ ಊರಿನಲ್ಲಿ. ತಂದೆ ಓವನ್ ಗ್ಯಾರಿಯಟ್ ನಾಸಾದ ಗಗನಯಾತ್ರಿ, 1973ರಲ್ಲಿ ಸ್ಕೈಲ್ಯಾಬ್ ಬಾಹ್ಯಾಕಾಶ ನಿಲ್ದಾಣದಲ್ಲಿ 59 ದಿನ ಇದ್ದವರು. ತಾಯಿ ಹೆಲೆನ್ ಕಲಾವಿದೆ.

ಕ್ಲಿಯರ್ ಕ್ರೀಕ್ ಹೈಸ್ಕೂಲಿನಲ್ಲಿ ಒಂದು ಟೆಲಿಟೈಪ್ ಇತ್ತು, ಫೋನ್ ತಂತಿಯ ಮೂಲಕ ದೂರದ ಕಂಪ್ಯೂಟರಿಗೆ ಜೋಡಿಸಿದ್ದು. ಹೇಳಿಕೊಡುವ ಮೇಷ್ಟ್ರು ಇರಲಿಲ್ಲ. ಸ್ವಂತವಾಗಿ ಕಲಿಯುವ ತರಗತಿ ಎಂದು ಶಾಲೆಯನ್ನು ಒಪ್ಪಿಸಿ, ಬೇಸಿಕ್ ಭಾಷೆಯಲ್ಲಿ ಒಂದರ ಹಿಂದೆ ಒಂದು ಆಟ ಬರೆದರು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಮೇಜಿನ ಮೇಲಾಡುವ ಆಟದ ಪ್ರಭಾವದಿಂದ ಅವಕ್ಕೆ ಡಿ ಅಂಡ್ ಡಿ 1, 2, 3 ಎಂದು ಹೆಸರಿಟ್ಟು 28ರವರೆಗೂ ಹೋದರು.

ಟೆಲಿಟೈಪಿನಲ್ಲಿ ಪರದೆಯೇ ಇಲ್ಲ. ಒಂದು ಹೆಜ್ಜೆ ಟೈಪ್ ಮಾಡಿದರೆ, ಸುತ್ತಲ ನಕ್ಷೆ ಕಾಗದದ ಮೇಲೆ ಅಚ್ಚಾಗಿ ಬರಬೇಕು. ನಕ್ಷತ್ರದ ಗುರುತು ಗೋಡೆ, ಡಾಲರ್ ಗುರುತು ನಿಧಿ. ಆ ಕಾಲದ ಸಾಮಾನ್ಯ ಟೆಲಿಟೈಪ್ ಸೆಕೆಂಡಿಗೆ 10 ಅಕ್ಷರ ಒತ್ತುತ್ತಿತ್ತು. 10 ಸಾಲು, 10 ಕಾಲಮಿನ ನಕ್ಷೆಗೆ 100 ಅಕ್ಷರ, ಹಾಗಾಗಿ ಒಂದು ಹೆಜ್ಜೆಗೆ 10 ಸೆಕೆಂಡಿಗಿಂತ ಹೆಚ್ಚು ಕಾಯಬೇಕು. ಇಷ್ಟು ಕಾದು ಪಡೆದ ಪ್ರತಿ ಹೆಜ್ಜೆಯಲ್ಲೂ ಆಟಗಾರನಿಗೆ ಏನಾದರೂ ಹೊಸದು ಸಿಗಲೇಬೇಕು. ಅಲ್ಟಿಮಾದ ನಕ್ಷೆಗಳು ಅಷ್ಟು ಕಿಕ್ಕಿರಿದಿರುವುದರ ಮೂಲ ಇಲ್ಲಿದೆ ಎಂದು ನಮ್ಮ ಅಂದಾಜು.

‘ಲಾರ್ಡ್ ಬ್ರಿಟಿಷ್’ ಎಂಬ ಅಡ್ಡಹೆಸರೂ ಆಗಿನದೇ. 1977ರಲ್ಲಿ ಓಕ್ಲಹೋಮಾ ವಿಶ್ವವಿದ್ಯಾಲಯದ ಕಂಪ್ಯೂಟರ್ ಶಿಬಿರಕ್ಕೆ ಹೋದಾಗ ಎಲ್ಲರಂತೆ ‘ಹಾಯ್’ ಎನ್ನದೆ ‘ಹಲೋ’ ಎಂದದ್ದಕ್ಕೆ ಜೊತೆಯ ಹುಡುಗರು ಇಟ್ಟದ್ದು.

ಪ್ರಶ್ನೆ: 48 ಕೆಬಿ ಮೆಮೊರಿಯ ಆಪಲ್ 2 ಕಂಪ್ಯೂಟರಿನಲ್ಲಿ, ಅದೂ ಬೇಸಿಕ್‌ನಲ್ಲಿ, ಅವರ ಮೊದಲ ಆಟ ‘ಅಕಲಬೆತ್’ ಮೂರು ಆಯಾಮದ ನೆಲಮಾಳಿಗೆ ತೋರಿಸಿದ್ದು ಹೇಗೆ? ಪೈಥಾನ್‌ನಲ್ಲಿ ಬರೆದು ನೋಡಬೇಕೆಂದಿದ್ದೇನೆ. (ಓದುಗರು, ಧಾರವಾಡ)

ಬರೆಯಿರಿ. ಒಂದು ಭಾನುವಾರದ ಕೆಲಸ. ಎರಡು ಉಪಾಯ ಗೊತ್ತಿದ್ದರೆ ಸಾಕು.

ಮೊದಲನೆಯದು ಚಿತ್ರ. ಆಪಲ್ 2ರ ಹೈ-ರೆಸಲ್ಯೂಷನ್ ಪರದೆ 280 ಚುಕ್ಕಿ ಅಗಲ. ಕೆಳಗೆ ನಾಲ್ಕು ಸಾಲು ಅಕ್ಷರಕ್ಕೆ ಬಿಟ್ಟರೆ ಚಿತ್ರಕ್ಕೆ ಉಳಿಯುವುದು 160 ಚುಕ್ಕಿ ಎತ್ತರ. ನೆಲಮಾಳಿಗೆ ಮನೆ ಮನೆಯಾಗಿ ಭಾಗಿಸಿದ ಚೌಕ. ನೀವು ನಿಂತ ಮನೆಯಿಂದ ಮುಂದಕ್ಕೆ ಒಂದೊಂದು ಮನೆ ದೂರಕ್ಕೂ ಒಂದೊಂದು ಚೌಕಟ್ಟು, ಒಂದರೊಳಗೊಂದು. ಆ ಚೌಕಟ್ಟುಗಳ ಅರ್ಧ ಅಗಲವನ್ನು ಆಟ ಶುರುವಾಗುವಾಗಲೇ ಲೆಕ್ಕ ಹಾಕಿಟ್ಟುಕೊಳ್ಳುತ್ತಾರೆ: ದೂರದಿಂದ 1ನ್ನು ಭಾಗಿಸಿ, ಅದರ ಆರ್ಕ್‌ಟ್ಯಾಂಜೆಂಟ್ ತೆಗೆದು, 1ರ ಆರ್ಕ್‌ಟ್ಯಾಂಜೆಂಟಿನಿಂದ ಭಾಗಿಸಿ, 140ರಿಂದ ಗುಣಿಸುವುದು. ದೂರ 1ಕ್ಕೆ 140, 2ಕ್ಕೆ 83, 3ಕ್ಕೆ 57, 4ಕ್ಕೆ 44. ಅರ್ಧ ಎತ್ತರ ಇದರ ಏಳನೇ ನಾಲ್ಕು ಭಾಗ, ಮೊದಲೆರಡಕ್ಕೆ 80 ಮತ್ತು 47.

ಎಡಕ್ಕೆ ಗೋಡೆ ಇದ್ದರೆ ಹೊರ ಚೌಕಟ್ಟಿನ ಎಡ ಮೂಲೆಗಳಿಂದ ಒಳ ಚೌಕಟ್ಟಿನ ಎಡ ಮೂಲೆಗಳಿಗೆ ಗೆರೆ ಎಳೆಯಿರಿ. ಬಲಕ್ಕೂ ಹಾಗೆಯೇ. ಎದುರಿಗೆ ಗೋಡೆ ಸಿಕ್ಕಿತೆಂದರೆ ಆ ಚೌಕಟ್ಟನ್ನೇ ಪೂರ್ತಿ ಎಳೆದು ಅಲ್ಲಿಗೇ ನಿಲ್ಲಿಸಿ. ಬರೀ ಗೆರೆಯ ಚಿತ್ರವಾದ್ದರಿಂದ ಹತ್ತಿರದಿಂದ ದೂರಕ್ಕೆ ಎಳೆದರೆ ಸಾಕು. ಗೋಡೆಗೆ ಬಣ್ಣ ತುಂಬುವ ಆಸೆ ಇದ್ದರೆ ಮಾತ್ರ ಕ್ರಮವನ್ನು ತಿರುಗಿಸಿ, ದೂರದಿಂದ ಹತ್ತಿರಕ್ಕೆ ಬನ್ನಿ. ಇಲ್ಲದಿದ್ದರೆ ಹಿಂದಿನ ಗೋಡೆ ಮುಂದಿನದನ್ನು ಮುಚ್ಚಿಬಿಡುತ್ತದೆ. ಹಾಗೆಯೇ ದೂರವನ್ನು 0ಯಿಂದ ಶುರುಮಾಡಿದರೆ ಸೊನ್ನೆಯಿಂದ ಭಾಗಿಸಿದ ದೋಷ ಬಂದು ಪ್ರೋಗ್ರಾಂ ನಿಲ್ಲುತ್ತದೆ. 0ಗೆ ಬೆಲೆಯನ್ನು ಕೈಯಾರೆ ಕೊಡಿ.

ಎರಡನೆಯ ಉಪಾಯ ಇನ್ನೂ ಜಾಣತನದ್ದು. ಆಟ ಶುರುವಾಗುವಾಗ ನಿಮ್ಮ ಅದೃಷ್ಟ ಸಂಖ್ಯೆ ಕೇಳುತ್ತದೆ. ಆಪಲ್ 2ರ ಬೇಸಿಕ್‌ನಲ್ಲಿ ಯಾದೃಚ್ಛಿಕ ಸಂಖ್ಯೆ ಕೊಡುವ ಆಜ್ಞೆಗೆ ಋಣಸಂಖ್ಯೆ ಕೊಟ್ಟರೆ, ಅಲ್ಲಿಂದ ಮುಂದೆ ಪ್ರತಿಸಲವೂ ಅದೇ ಸರಣಿ ಬರುತ್ತದೆ. ಹಾಗಾಗಿ ಒಂದೇ ಅದೃಷ್ಟ ಸಂಖ್ಯೆಗೆ ಯಾವಾಗಲೂ ಒಂದೇ ಲೋಕ. ನೆಲಮಾಳಿಗೆಗೆ ಇಳಿದಾಗ ಅದೃಷ್ಟ ಸಂಖ್ಯೆ, ಮೇಲಿನ ನಕ್ಷೆಯಲ್ಲಿ ಆ ಮಾಳಿಗೆ ಇರುವ ಜಾಗ, ಇಳಿದ ಅಂತಸ್ತು, ಈ ಮೂರನ್ನೂ ಸೇರಿಸಿ ಹೊಸ ಬೀಜಸಂಖ್ಯೆ, ಅಂದರೆ ಯಾದೃಚ್ಛಿಕ ಸರಣಿ ಶುರುವಾಗುವ ಸಂಖ್ಯೆ, ಮಾಡುತ್ತಾರೆ. ಮಾಳಿಗೆಯನ್ನು ಎಲ್ಲಿಯೂ ಉಳಿಸಿಡುವುದಿಲ್ಲ. ಹೊರಬಂದರೆ ಅಳಿಸಿಹೋಗುತ್ತದೆ, ಮತ್ತೆ ಇಳಿದರೆ ಅದೇ ಗೋಡೆ, ಅದೇ ಬಾಗಿಲಿನೊಂದಿಗೆ ಮತ್ತೆ ಹುಟ್ಟುತ್ತದೆ. ಮೆಮೊರಿಯ ಖರ್ಚು ಒಂದು ಅಂತಸ್ತಿನದು ಮಾತ್ರ.

ಪೈಥಾನ್‌ನಲ್ಲಿ ಎರಡು ಕಡೆ ಎಡವುತ್ತೀರಿ. ಲೋಕ ಹುಟ್ಟಿಸುವುದಕ್ಕೂ ಕಾಳಗದ ದಾಳಕ್ಕೂ ಒಂದೇ ಯಾದೃಚ್ಛಿಕ ಸರಣಿ ಬಳಸಿದರೆ, ಹೋರಾಟದ ಫಲವೂ ಪ್ರತಿಸಲ ಒಂದೇ ಆಗುತ್ತದೆ. ಎರಡಕ್ಕೂ ಬೇರೆ ಬೇರೆ ‘ರ‍್ಯಾಂಡಮ್’ ಆಬ್ಜೆಕ್ಟ್ ಮಾಡಿಕೊಳ್ಳಿ. ಮತ್ತೆ, ಮೂರು ಸಂಖ್ಯೆಗಳನ್ನು ಟುಪಲ್ ಆಗಿ ಬೀಜಕ್ಕೆ ಕೊಟ್ಟರೆ ಪೈಥಾನ್ 3.11ರಿಂದೀಚೆಗೆ ದೋಷ ಬರುತ್ತದೆ. ನಡುವೆ ಅಡ್ಡಗೆರೆ ಹಾಕಿ ಒಂದೇ ಸ್ಟ್ರಿಂಗ್ ಮಾಡಿ ಕೊಡಿ.

ಒಂದು ಸಾಲನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳಿ: ಮೇಲೆ ನಡೆದರೆ ಹೆಜ್ಜೆಗೆ 1 ಊಟ ಖರ್ಚು, ನೆಲಮಾಳಿಗೆಯಲ್ಲಿ 0.1 ಮಾತ್ರ. ಊಟ ಮುಗಿದರೆ ಸಾವು. ಅಂಗಡಿಯಲ್ಲಿ 1 ಚಿನ್ನಕ್ಕೆ 10 ಊಟ ಸಿಗುತ್ತದೆ. ಆದರೆ ಗ್ರೆಮ್ಲಿನ್ ಎಂಬ ಕಿಡಿಗೇಡಿ ಸಿಕ್ಕರೆ ಇರುವ ಊಟದಲ್ಲಿ ಅರ್ಧ ಕದಿಯುತ್ತದೆ. ಹೊಟ್ಟೆಯ ಲೆಕ್ಕವೇ ಆಟಗಾರನನ್ನು ಬಯಲಿನಿಂದ ಕತ್ತಲೆಯ ಕಡೆಗೆ ತಳ್ಳುತ್ತದೆ. ‘ಕೆಳಗೆ ಹೋಗು’ ಎಂದು ಯಾರೂ ಹೇಳಬೇಕಾಗಿಲ್ಲ.

ಪ್ರಶ್ನೆ: ಹೈಸ್ಕೂಲ್ ಹುಡುಗನಾಗಿದ್ದಾಗ ಈ ಆಟದಿಂದ ಎಷ್ಟು ಗಳಿಸಿದರು? (ಓದುಗರು, ಹಾಸನ)

1979ರ ಬೇಸಿಗೆಯಲ್ಲಿ ಅವರು ಕಂಪ್ಯೂಟರ್‌ಲ್ಯಾಂಡ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಅಲ್ಲೇ ಜಿಪ್ ಚೀಲದಲ್ಲಿ ಡಿಸ್ಕ್ ಹಾಕಿ ಮಾರಾಟಕ್ಕಿಟ್ಟರು, ಹೊದಿಕೆಯ ಚಿತ್ರ ತಾಯಿಯದು. ಒಂದು ಪ್ರತಿ ಕ್ಯಾಲಿಫೋರ್ನಿಯಾ ಪೆಸಿಫಿಕ್ ಎಂಬ ಪ್ರಕಾಶಕರಿಗೆ ತಲುಪಿತು. ಅವರ ಮೂಲಕ ಸುಮಾರು 30,000 ಪ್ರತಿ ಮಾರಾಟವಾಗಿ, ಪ್ರತಿಗೆ 5 ಡಾಲರಿನಂತೆ ಗ್ಯಾರಿಯಟ್ ಕೈಗೆ ಸುಮಾರು 1,50,000 ಡಾಲರ್ ಬಂತು.

ಪ್ರಶ್ನೆ: ‘ಅಲ್ಟಿಮಾ 4’ರಲ್ಲಿ ‘ಅವತಾರ’ ಎಂಬ ನಮ್ಮ ಪದ ಹೇಗೆ ಬಂತು? ಆ ಆಟದಲ್ಲಿ ರಾಕ್ಷಸನನ್ನು ಕೊಲ್ಲುವ ಗುರಿಯೇ ಇಲ್ಲವಂತೆ, ನಿಜವೇ? (ನಿವೃತ್ತ ಶಿಕ್ಷಕರು, ಉಡುಪಿ)

ನಿಜ. ನಮ್ಮ ಮಟ್ಟಿಗೆ ಅವರ ಜೀವಮಾನದ ಕೆಲಸ ಇದೇ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಹೇಳುತ್ತೇವೆ.

ಮೊದಲ ಮೂರು ಆಟಗಳಲ್ಲಿ (1981, 1982, 1983) ಕೊನೆಗೆ ಒಬ್ಬ ಖಳನನ್ನು ಮುಗಿಸುವುದೇ ಗುರಿ. ಎರಡನೆಯದನ್ನು ಸಿಯೆರಾ ಎಂಬ ಕಂಪನಿ ಪ್ರಕಟಿಸಿತು. ಗೌರವಧನದ ಬಗ್ಗೆ ಭಿನ್ನಾಭಿಪ್ರಾಯ ಬಂದು, 1983ರಲ್ಲಿ ಅಣ್ಣ ರಾಬರ್ಟ್, ತಂದೆ ಮತ್ತು ಗೆಳೆಯ ಚಕ್ ಬುಶೆ ಜೊತೆ ಸೇರಿ ಒರಿಜಿನ್ ಸಿಸ್ಟಮ್ಸ್ ಕಟ್ಟಿದರು. ಸ್ವಂತ ಕಂಪನಿ ಆದದ್ದರಿಂದ ಆಟಗಾರರ ಪತ್ರಗಳು ಮೊದಲ ಬಾರಿಗೆ ನೇರ ಅವರ ಕೈಗೆ ಬಂದವು. ಗೆಲ್ಲುವುದಕ್ಕಾಗಿ ಜನ ಊರವರನ್ನು ಕೊಂದು, ಅಂಗಡಿ ದೋಚಿ ಆಡುತ್ತಿದ್ದಾರೆಂದು ಗೊತ್ತಾಯಿತು. ಆಟವೇ ಅದಕ್ಕೆ ಬಹುಮಾನ ಕೊಡುತ್ತಿತ್ತು. 1985ರ ನಾಲ್ಕನೆಯ ಆಟ ಇದಕ್ಕೆ ಅವರು ಕೊಟ್ಟ ಉತ್ತರ.

ಸತ್ಯ, ಪ್ರೀತಿ, ಧೈರ್ಯ ಎಂಬ ಮೂರು ತತ್ವಗಳು. ಮೂರನ್ನು ಬೇರೆ ಬೇರೆಯಾಗಿ ಹಾಗೂ ಕೂಡಿಸಿ ಇಟ್ಟರೆ ಎಂಟು ಜೋಡಣೆ ಆಗುತ್ತವೆ. ಸತ್ಯ ಮಾತ್ರ ಇದ್ದರೆ ಪ್ರಾಮಾಣಿಕತೆ, ಪ್ರೀತಿ ಮಾತ್ರ ಇದ್ದರೆ ಕರುಣೆ, ಧೈರ್ಯ ಮಾತ್ರ ಇದ್ದರೆ ಶೌರ್ಯ. ಸತ್ಯವೂ ಪ್ರೀತಿಯೂ ಕೂಡಿದರೆ ನ್ಯಾಯ, ಪ್ರೀತಿಯೂ ಧೈರ್ಯವೂ ಕೂಡಿದರೆ ತ್ಯಾಗ, ಸತ್ಯವೂ ಧೈರ್ಯವೂ ಕೂಡಿದರೆ ಗೌರವ. ಮೂರೂ ಸೇರಿದರೆ ಆಧ್ಯಾತ್ಮ, ಮೂರೂ ಇಲ್ಲದ ಜಾಗದಲ್ಲಿ ವಿನಯ. ಒಂದೊಂದು ಗುಣಕ್ಕೂ ಒಂದು ಊರು, ಒಂದು ಗುಡಿ, ಒಂದು ಮಂತ್ರ. ಆಧ್ಯಾತ್ಮದ ಗುಡಿಯ ಮಂತ್ರ ‘ಓಂ’.

ಆಟ ಶುರುವಾಗುವುದು ಪ್ರಶ್ನೆಗಳಿಂದ. ಎಣಿಸದ ಚಿನ್ನದ ಚೀಲವನ್ನು ನಂಬಿ ನಿಮ್ಮ ಕೈಗೆ ಕೊಟ್ಟಿದ್ದಾರೆ, ದಾರಿಯಲ್ಲಿ ಭಿಕ್ಷುಕ ಸಿಗುತ್ತಾನೆ. ಒಂದು ನಾಣ್ಯ ಕೊಟ್ಟರೆ ಯಾರಿಗೂ ತಿಳಿಯುವುದಿಲ್ಲ. ಕೊಡುತ್ತೀರಾ, ಇಲ್ಲವೇ ಚೀಲವನ್ನು ಹಾಗೆಯೇ ತಲುಪಿಸುತ್ತೀರಾ? ಎಂಟು ಗುಣಗಳಲ್ಲಿ ಎರಡೆರಡನ್ನು ಎದುರುಬದುರು ನಿಲ್ಲಿಸಿದರೆ 28 ಜೋಡಿ, ಹಾಗಾಗಿ ಒಟ್ಟು 28 ಪ್ರಶ್ನೆ. ಕುಸ್ತಿಯ ಸುತ್ತುಗಳ ಹಾಗೆ ಎಂಟು ನಾಲ್ಕಾಗಿ, ನಾಲ್ಕು ಎರಡಾಗಿ, ಎರಡು ಒಂದಾಗುವವರೆಗೆ 7 ಪ್ರಶ್ನೆ ಕೇಳುತ್ತಾರೆ. ಕೊನೆಗೆ ಉಳಿದ ಗುಣವೇ ನಿಮ್ಮ ವೃತ್ತಿ, ನಿಮ್ಮ ಊರು. ವಿನಯ ಗೆದ್ದರೆ ನೀವು ಕುರುಬ, ಅಂದರೆ ಆಟದಲ್ಲೇ ಎಲ್ಲರಿಗಿಂತ ದುರ್ಬಲ. ಇದು ಬೇಕೆಂದೇ ಮಾಡಿದ್ದು.

ಒಳಗೆ ಪ್ರತಿ ಗುಣಕ್ಕೂ ಒಂದು ಗುಪ್ತ ಲೆಕ್ಕವಿದೆ. 50ರಿಂದ ಶುರು, ಪ್ರಶ್ನೆಯಲ್ಲಿ ಆ ಗುಣ ಗೆದ್ದ ಪ್ರತಿಸಲ 5 ಹೆಚ್ಚು. 99 ಮುಟ್ಟಿದರೆ ಗುಡಿಗೆ ಹೋಗಿ ಧ್ಯಾನ ಮಾಡಬಹುದು. ಮೂಲಿಕೆ ಮಾರುವ ಹೆಂಗಸರು ಕುರುಡರು. ಅವರು ಬೆಲೆ ಹೇಳುತ್ತಾರೆ, ಎಷ್ಟು ಕೊಡುತ್ತೀರೆಂದು ನೀವೇ ಟೈಪ್ ಮಾಡಬೇಕು. ಕಡಿಮೆ ಕೊಟ್ಟರೂ ಆಕೆ ಸರಕು ಕೊಡುತ್ತಾಳೆ, ಪರದೆಯ ಮೇಲೆ ಏನೂ ಆಗುವುದಿಲ್ಲ. ಒಳಗೆ ಮಾತ್ರ ಪ್ರಾಮಾಣಿಕತೆ, ನ್ಯಾಯ, ಗೌರವ ಮೂರರಲ್ಲೂ 10 ಕಡಿತ. ಸರಿಯಾಗಿ ಕೊಟ್ಟರೆ ಮೂರಕ್ಕೂ 2 ಏರಿಕೆ. ಕಳೆದದ್ದನ್ನು ಗಳಿಸಲು ಐದು ಸಲ ಪ್ರಾಮಾಣಿಕವಾಗಿ ವ್ಯಾಪಾರ ಮಾಡಬೇಕು. ಮೋಸ ಮಾಡಿದ ಗಂಟೆಗಳ ನಂತರ, ಗುಡಿಯ ಮುಂದೆ ನಿಂತಾಗ ಅದು ತಿಳಿಯುತ್ತದೆ. ಒಂದು ಬೈಟಿನಲ್ಲಿ ಇಷ್ಟು ಮಾಡಿದ್ದಾರಲ್ಲ, ಅದು ನಮಗೆ ಇಂದಿಗೂ ಬೆರಗು.

ಪ್ರೋಗ್ರಾಮರುಗಳಿಗಾಗಿ ಇನ್ನೊಂದು ಸೂಕ್ಷ್ಮ. ಗುಣ ಪೂರ್ತಿ ಸಿದ್ಧಿಸಿದ ಮೇಲೆ ಆ ಲೆಕ್ಕವನ್ನು 0 ಮಾಡುತ್ತಾರೆ. ‘ಸಿದ್ಧಿಸಿದೆ’ ಎಂಬುದಕ್ಕೆ ಬೇರೆ ಗುರುತು ಬೇಕಿಲ್ಲ, ಸೊನ್ನೆಯೇ ಆ ಗುರುತು. ಆಮೇಲೆ ತಪ್ಪು ಮಾಡಿದರೆ ಸಿದ್ಧಿ ಕಳೆದು, ಲೆಕ್ಕ 99ಕ್ಕೆ ಮರಳಿ ಅಲ್ಲಿಂದ ಕಡಿತ.

ಪದದ ವಿಷಯ: ಹಿಂದೂ ಪರಂಪರೆಯ ಅವತಾರದ ಕಲ್ಪನೆಯಿಂದಲೇ ಗ್ಯಾರಿಯಟ್ ಅದನ್ನು ತೆಗೆದುಕೊಂಡರು. ಆಟಗಾರ ತನ್ನ ಲೋಕದಿಂದ ಬ್ರಿಟಾನಿಯ ಎಂಬ ಲೋಕಕ್ಕೆ ಇಳಿಯುತ್ತಾನೆ, ಅಲ್ಲಿ ಅವನು ಮಾಡುವುದೆಲ್ಲ ಅವನದೇ. ಈ ಮಟ್ಟಿಗೆ ‘ಅವತರಿಸು’ ಎಂಬ ಮೂಲ ಅರ್ಥ ಸರಿಯಾಗಿಯೇ ಕೂತಿದೆ. ಆದರೆ ಆಟದೊಳಗೆ ‘ಅವತಾರ’ ಅನ್ನಿಸಿಕೊಳ್ಳುವುದು ಎಂಟೂ ಗುಣ ಗಳಿಸಿದ ಮೇಲೆ. ದಶಾವತಾರ ನೋಡಿ ಬೆಳೆದವರಿಗೆ ಈ ಏರುಮುಖ ಹೊಸದಾಗಿ ಕಾಣುತ್ತದೆ.

ಪ್ರಶ್ನೆ: ಈಗ ಆಡಲು ಸಿಗುತ್ತದೆಯೇ? ಮಗ ಶುರುಮಾಡಿ ಹತ್ತೇ ನಿಮಿಷಕ್ಕೆ ಬಿಟ್ಟ. (ಓದುಗರು, ಮೈಸೂರು)

ಜಿಒಜಿ ಎಂಬ ಆನ್‌ಲೈನ್ ಆಟದ ಮಳಿಗೆಯಲ್ಲಿ ನಾಲ್ಕನೆಯ ಅಲ್ಟಿಮಾ ಉಚಿತ. ಹಳೆಯ ಡಾಸ್ ವ್ಯವಸ್ಥೆಯ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ನಡೆಸುವ ಡಾಸ್‌ಬಾಕ್ಸ್ ಪ್ರೋಗ್ರಾಂ ಜೊತೆಗೇ ಬರುತ್ತದೆ. ಹತ್ತು ನಿಮಿಷಕ್ಕೆ ಬಿಡುವವರೆಲ್ಲ ಕೈಪಿಡಿ ಓದದವರು. ಜೊತೆಗೆ ಬರುವ ಎರಡು ಪುಸ್ತಿಕೆ ಮತ್ತು ನಕ್ಷೆ ಆಟದ ಭಾಗವೇ, ಮೊದಲು ಅವನ್ನು ತೆರೆಯಿರಿ.

ಆಜ್ಞೆಗಳೆಲ್ಲ ಒಂದೊಂದು ಅಕ್ಷರ. ಟಿ ಒತ್ತಿ ದಿಕ್ಕು ಕೊಟ್ಟರೆ ಮಾತು. ಎಲ್ಲರನ್ನೂ ‘ನೇಮ್’, ‘ಜಾಬ್’, ‘ಹೆಲ್ತ್’ ಎಂದು ಕೇಳಿ, ಉತ್ತರದಲ್ಲಿ ಬಂದ ಮುಖ್ಯ ಪದವನ್ನೇ ಮತ್ತೆ ಟೈಪ್ ಮಾಡಿ. ಪದದ ಮೊದಲ ನಾಲ್ಕು ಅಕ್ಷರ ಮಾತ್ರ ನೋಡುತ್ತದೆ, ಪೂರ್ತಿ ಬರೆಯಬೇಕಿಲ್ಲ. ‘ಜಾಯ್ನ್’ ಎಂದರೆ ಕೆಲವರು ಜೊತೆ ಬರುತ್ತಾರೆ, ನಿಮ್ಮದೇ ವೃತ್ತಿಯವರು ಬರುವುದಿಲ್ಲ. ಕೇಳಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಆಟ ನಿಮಗಾಗಿ ಏನನ್ನೂ ಬರೆದಿಡುವುದಿಲ್ಲ.

ಉಳಿಸಲು ಕ್ಯೂ. ಊರಿನೊಳಗೆ ಅದು ನಡೆಯುವುದಿಲ್ಲ, ಬಯಲಿಗೆ ಬಂದು ಒತ್ತಿ. ಹೆಚ್ಚಿನವರು ಒಂದು ಗಂಟೆಯ ಆಟ ಕಳೆದುಕೊಳ್ಳುವುದು ಇಲ್ಲಿಯೇ.

ಮಂತ್ರಕ್ಕೆ ಎಂ ಒತ್ತಿ ಮೊದಲೇ ಮೂಲಿಕೆ ಬೆರೆಸಿಡಬೇಕು. ವಿಷ ಇಳಿಸಲು ಜಿನ್ಸೆಂಗ್ ಮತ್ತು ಬೆಳ್ಳುಳ್ಳಿ, ಗಾಯ ಮಾಯಲು ಜಿನ್ಸೆಂಗ್ ಮತ್ತು ಜೇಡರ ರೇಷ್ಮೆ. ತಪ್ಪು ಬೆರೆಸಿದರೆ ಮೂಲಿಕೆ ಹಾಳು.

ಸ್ಥಳಗಳನ್ನು ಎ ಯಿಂದ ಪಿ ವರೆಗಿನ ಅಕ್ಷರಜೋಡಿಗಳಲ್ಲಿ ಹೇಳುತ್ತಾರೆ. ಲೋಕ 256 ಮನೆ ಉದ್ದ, 256 ಮನೆ ಅಗಲ. 16ನ್ನು 16ರಿಂದ ಗುಣಿಸಿದರೆ 256, ಹಾಗಾಗಿ ಎರಡು ಅಕ್ಷರ ಸಾಕು. ಮೊದಲ ಜೋಡಿ ಅಕ್ಷಾಂಶ, ಎರಡನೆಯದು ರೇಖಾಂಶ. ತಿರುವುಮುರುವು ಓದಿದರೆ ಸಮುದ್ರದ ನಡುವೆ ಇರುತ್ತೀರಿ. ಮನೆಗೊಂದು ಬೈಟ್ ಎಂದರೂ ಈ ನಕ್ಷೆಗೆ 65,536 ಬೈಟ್, ಅಂದರೆ ಆಪಲ್ 2ರ ಮೆಮೊರಿಯನ್ನು ನಕ್ಷೆಯೊಂದೇ ನುಂಗಿಬಿಡುತ್ತಿತ್ತು. ಆದ್ದರಿಂದಲೇ ಅದನ್ನು ಫ್ಲಾಪಿಯಿಂದ ತುಂಡು ತುಂಡಾಗಿ ಓದಿಸುತ್ತಿದ್ದರು.

ಸುಮ್ಮನೆ ಕೂತರೂ ಸರದಿ ಕಳೆಯುತ್ತದೆ. ತೀರಾ ವೇಗವಾಗಿ ಓಡುತ್ತಿದ್ದರೆ ಕಂಟ್ರೋಲ್ ಜೊತೆ ಎಫ್11 ಒತ್ತಿ ನಿಧಾನ ಮಾಡಿ, ಎಫ್12 ವೇಗ ಹೆಚ್ಚಿಸುತ್ತದೆ.

ಪ್ರಶ್ನೆ: ಊರಿನ ಜನ ರಾತ್ರಿ ಮಲಗಿ ಬೆಳಿಗ್ಗೆ ಕೆಲಸಕ್ಕೆ ಹೋಗುವುದನ್ನು ಆ ಕಾಲದಲ್ಲೇ ಹೇಗೆ ಮಾಡಿದರು? (ಆಟ ರೂಪಿಸುವವರು, ಬೆಂಗಳೂರು)

1988ರ ಐದನೆಯ ಆಟದಲ್ಲಿ. ನಾಲ್ಕರವರೆಗೆ ಕೋಡ್ ಬಹುಪಾಲು ಗ್ಯಾರಿಯಟ್ ಒಬ್ಬರದೇ, ಐದರಿಂದ ತಂಡದ ಪಾಲು ಹೆಚ್ಚಾಯಿತು. ಡಾಸ್ ಆವೃತ್ತಿಯ ಕಡತ ಬಿಚ್ಚಿ ನೋಡಿದರೆ ಒಬ್ಬ ಮನುಷ್ಯನ ದಿನಚರಿಗೆ 16 ಬೈಟ್: ನಡವಳಿಕೆಗೆ 3, ಮೂರು ಸ್ಥಳಗಳ ಅಡ್ಡ, ಉದ್ದ, ಅಂತಸ್ತುಗಳಿಗೆ ಮೂರು ಮೂರರಂತೆ 9, ಹೊತ್ತಿಗೆ 4. ಮೂರು ಸ್ಥಳಕ್ಕೆ ನಾಲ್ಕು ಹೊತ್ತು ಏಕೆಂದರೆ ನಡುವಿನ ಸ್ಥಳಕ್ಕೆ ದಿನಕ್ಕೆ ಎರಡು ಸಲ ಹೋಗುತ್ತಾರೆ. ಒಂದು ಊರಿಗೆ 32 ಮಂದಿ, ಒಟ್ಟು 512 ಬೈಟ್. ಇಡೀ ಊರಿನ ಬದುಕು ಅರ್ಧ ಕೆಬಿಯಲ್ಲಿ!

1992ರ ಏಳನೆಯ ಆಟದಲ್ಲಿ ಇದು ಇನ್ನೂ ಮುಂದೆ ಹೋಯಿತು. ಹಿಟ್ಟಿನ ಚೀಲವನ್ನು ಎರಡು ಸಲ ಕ್ಲಿಕ್ ಮಾಡಿ ಮೇಜು ತೋರಿಸಿದರೆ ಹಿಟ್ಟು ಸುರಿಯುತ್ತದೆ. ಬಾವಿಯ ನೀರು ತುಂಬಿದ ಬಕೆಟ್ಟನ್ನು ಹಿಟ್ಟಿಗೆ ತೋರಿಸಿದರೆ ಕಣಕ, ಕಣಕವನ್ನು ಒಲೆಗೆ ತೋರಿಸಿದರೆ ಸ್ವಲ್ಪ ಹೊತ್ತಿಗೆ ಬ್ರೆಡ್. ಬಕೆಟ್ ಖಾಲಿ ಇದ್ದರೆ ಕಣಕ ಆಗುವುದಿಲ್ಲ, ಹೊಸಬರು ಇಲ್ಲೇ ಸಿಕ್ಕಿಬೀಳುತ್ತಾರೆ.

ಪ್ರಶ್ನೆ: ಆಮೇಲೆ ಏನಾಯಿತು? ಆನ್‌ಲೈನ್ ಆಟದಲ್ಲಿ ಅವರ ಪಾತ್ರವನ್ನೇ ಯಾರೋ ಕೊಂದರಂತೆ. (ಓದುಗರು, ಕಲಬುರಗಿ)

1992ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಒರಿಜಿನ್ ಕಂಪನಿಯನ್ನು ಕೊಂಡಿತು. 1997ರ ಸೆಪ್ಟೆಂಬರಿನಲ್ಲಿ ‘ಅಲ್ಟಿಮಾ ಆನ್‌ಲೈನ್’ ಬಂತು, ಸಾವಿರಾರು ಮಂದಿ ಒಂದೇ ಲೋಕದಲ್ಲಿ ಆಡುವ ಆಟ. ಪರೀಕ್ಷಾರ್ಥ ಸಿಡಿಗೆ 5 ಡಾಲರ್ ಕೇಳಿದ್ದರು, ಆದರೂ ಸುಮಾರು 50,000 ಮಂದಿ ಹೆಸರು ಕೊಟ್ಟರು. ಬಿಡುಗಡೆಗೆ ಮುಂಚೆ, ಅದೇ ವರ್ಷದ ಆಗಸ್ಟಿನ ಪರೀಕ್ಷೆಯಲ್ಲಿ, ಸರ್ವರ್ ಬಿದ್ದು ಎದ್ದ ಮೇಲೆ ‘ಸಾವಿಲ್ಲ’ ಎಂಬ ಗುರುತನ್ನು ಗ್ಯಾರಿಯಟ್ ಆಡುತ್ತಿದ್ದ ದೊರೆ ಲಾರ್ಡ್ ಬ್ರಿಟಿಷ್ ಪಾತ್ರಕ್ಕೆ ಮತ್ತೆ ಹಾಕಿರಲಿಲ್ಲ. ಆಟಗಾರನೊಬ್ಬ ಬೆಂಕಿಯ ಮಂತ್ರ ಹಾಕಿದ, ದೊರೆ ಸತ್ತ.

ಅದಕ್ಕಿಂತ ದೊಡ್ಡ ಪಾಠ ಜೀವಜಾಲದ್ದು. ಮುಖ್ಯ ವಿನ್ಯಾಸಕ ರಾಫ್ ಕೋಸ್ಟರ್ ಅವರ ಯೋಜನೆಯಲ್ಲಿ ತೋಳಕ್ಕೆ ಹಸಿವಾದರೆ ಕುರಿ ಹುಡುಕಬೇಕು, ಕುರಿ ಕಡಿಮೆಯಾದರೆ ತೋಳ ಊರಿನ ಕಡೆ ಬರಬೇಕು. ಬಾಗಿಲು ತೆರೆದ ಕೂಡಲೇ ಆಟಗಾರರು ಹುಟ್ಟಿದ ಪ್ರಾಣಿಯನ್ನೆಲ್ಲ ಹುಟ್ಟಿದ ಜಾಗದಲ್ಲೇ ಕೊಂದರು. ಹಸಿವಾಗುವಷ್ಟು ಕಾಲ ಯಾವ ತೋಳವೂ ಬದುಕಲಿಲ್ಲ. ಯಾರಿಗೂ ಕಾಣದ ಲೆಕ್ಕಕ್ಕೆ ಸರ್ವರ್ ದುಡಿಸುವುದೇಕೆಂದು ಅದನ್ನು ತೆಗೆದುಹಾಕಿದರು. ಒಬ್ಬನೇ ಆಡುವಾಗ ಕೆಲಸ ಮಾಡಿದ ಗುಪ್ತ ಲೆಕ್ಕ, ಗುಂಪಿನ ಮುಂದೆ ಮಾಡಲಿಲ್ಲ.

2000ದಲ್ಲಿ ಅವರು ಕಂಪನಿ ಬಿಟ್ಟರು. ಕೊರಿಯಾದ ಎನ್‌ಸಿಸಾಫ್ಟ್ ಕಂಪನಿಗಾಗಿ ಮಾಡಿದ ಆನ್‌ಲೈನ್ ಆಟ ‘ಟ್ಯಾಬ್ಯುಲಾ ರಾಸಾ’ 2007ರಲ್ಲಿ ಬಂದು 2009ರ ಫೆಬ್ರವರಿಯಲ್ಲಿ ಮುಚ್ಚಿತು. ನಡುವೆ, 2008ರ ಅಕ್ಟೋಬರ್ 12ರಂದು, ಸ್ವಂತ ಖರ್ಚಿನಲ್ಲಿ ರಷ್ಯಾದ ಸೊಯುಜ್ ನೌಕೆ ಏರಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದರು. ಜನರಿಂದ ಹಣ ಕೂಡಿಸಿ ಮಾಡಿದ ‘ಶ್ರೌಡ್ ಆಫ್ ದಿ ಅವತಾರ್’ 2018ರಲ್ಲಿ ಬಿಡುಗಡೆಯಾಯಿತು.

ಪ್ರಶ್ನೆ: ಹಳೆಯ 486 ಕಂಪ್ಯೂಟರಿನಲ್ಲಿ ಏಳನೆಯ ಅಲ್ಟಿಮಾ ಶುರುವೇ ಆಗುತ್ತಿಲ್ಲ. ಮೆಮೊರಿ 8 ಎಂಬಿ ಇದೆ. (ಓದುಗರು, ಹುಬ್ಬಳ್ಳಿ)

ಮೆಮೊರಿ ಸಾಲದ್ದಲ್ಲ, ಡಾಸ್‌ನ ಮೆಮೊರಿ ನೋಡಿಕೊಳ್ಳುವ ಇಎಂಎಂ386 ಎಂಬ ಪ್ರೋಗ್ರಾಂ ಅಡ್ಡ ಬಂದಿದೆ. ಈ ಆಟಕ್ಕೆ ‘ವೂಡೂ’ ಎಂಬ ತನ್ನದೇ ಮೆಮೊರಿ ವ್ಯವಸ್ಥೆ ಇದೆ. ಅದು ಪ್ರೊಸೆಸರನ್ನು ತಾನೇ ಹಿಡಿತಕ್ಕೆ ತೆಗೆದುಕೊಳ್ಳುತ್ತದೆ, ಇಎಂಎಂ386 ಮೊದಲೇ ಹಿಡಿದಿದ್ದರೆ ನಡೆಯುವುದಿಲ್ಲ. ವಿಂಡೋಸ್ 95ರ ಡಾಸ್ ಕಿಟಕಿಯಲ್ಲೂ ಇದೇ ತೊಂದರೆ. ಖಾಲಿ ಫ್ಲಾಪಿಯನ್ನು ಡಾಸ್‌ನ ಫಾರ್ಮ್ಯಾಟ್ ಆಜ್ಞೆಗೆ ಎಸ್ ಸ್ವಿಚ್ ಸೇರಿಸಿ ಬೂಟ್ ಡಿಸ್ಕ್ ಮಾಡಿ. ಅದರ ಕಾನ್ಫಿಗ್ ಕಡತದಲ್ಲಿ ಹಿಮೆಮ್ (ಡಾಸ್‌ನ ಇನ್ನೊಂದು ಮೆಮೊರಿ ಪ್ರೋಗ್ರಾಂ) ಮತ್ತು ‘ಡಾಸ್ ಈಕ್ವಲ್ಸ್ ಹೈ’ ಸಾಲು ಮಾತ್ರ ಇರಲಿ, ಆಟೊಎಕ್ಸೆಕ್ ಕಡತದಲ್ಲಿ ಮೌಸ್ ಡ್ರೈವರ್ ಮತ್ತು ಸೌಂಡ್ ಕಾರ್ಡಿನ ಸಾಲು. ಬೇರೇನೂ ಬೇಡ.

ಹೊಸ ಕಂಪ್ಯೂಟರಿನ ಡಾಸ್‌ಬಾಕ್ಸ್ ಆದರೆ ಸೆಟ್ಟಿಂಗ್ ಕಡತದ ‘ಡಾಸ್’ ಭಾಗದಲ್ಲಿ ಇಎಂಎಸ್ ಎಂಬುದನ್ನು ‘ಫಾಲ್ಸ್’ ಮಾಡಿ. ಅದೂ ಬೇಡವೆಂದರೆ ಈ ಆಟವನ್ನು ಹೊಸ ಕಂಪ್ಯೂಟರಿನಲ್ಲಿ ನೇರ ಆಡಿಸುವ ‘ಎಕ್ಸಲ್ಟ್’ ಎಂಬ ಉಚಿತ ಪ್ರೋಗ್ರಾಂ ಹಾಕಿಕೊಳ್ಳಿ, ನಿಮ್ಮ ಮೂಲ ಡಿಸ್ಕಿನ ‘ಸ್ಟ್ಯಾಟಿಕ್’ ಫೋಲ್ಡರನ್ನು ಅದಕ್ಕೆ ತೋರಿಸಿದರೆ ಸಾಕು.